ಇಳಿತಕ್ಕೆ ಕಾದ ಮನೆ

ಅಮ್ಮ ಮದುವೆಯಾಗಿ ಬಂದ ವಾರದೊಳಗೇ ತವರಿನಿಂದ ತಂದ ತಾಮ್ರದ ಕೊಡಪಾನವನ್ನು ಹೊಳೆಗೆ ಕಳೆದುಕೊಂಡಳು. ಪಾತ್ರೆಗಳನ್ನೆಲ್ಲ ಹೊಳೆಬದಿಯ ಕೆಳಗಿನ ಮೆಟ್ಟಿಲಲ್ಲಿ ಇಟ್ಟು, ತಿಕ್ಕಲು ಬೂದಿ ತರುವುದಕ್ಕೆ ಒಳಗೆ ಹೋದಳಂತೆ. ತಿರುಗಿ ಬರುವಾಗ ಮೆಟ್ಟಿಲಿನ ಮೇಲೆ ನೀರು, ಕೊಡಪಾನ ಮಾಯ. ಅವಳು ಹುಟ್ಟಿ ಬೆಳೆದದ್ದು ಒಳನಾಡಿನ ವರ್ಕಾಡಿಯಲ್ಲಿ. ಅಲ್ಲಿಯ ತೋಡುಗಳು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವ ಮರ್ಯಾದಸ್ಥ ತೋಡುಗಳು. ಹಾಗಾಗಿ ಅವಳು ನೆರಿಗೆ ಎತ್ತಿ ಕಟ್ಟಿ, ಹೊಳೆ ಸಮುದ್ರ ಸೇರುವ ದಿಕ್ಕಿಗೆ ದಂಡೆಯ ಮೇಲೆ ಓಡಿದಳು. ಹಿಂಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಅವಳು ಸಾಕಷ್ಟು ದೂರ ಓಡುವ ತನಕ ಸುಮ್ಮನಿದ್ದು ಆಮೇಲೆ ಕೂಗಿದಳಂತೆ.

"ಅತ್ತ ಎಂತಕ್ಕೆ ಓಡ್ತೀ ಮಾರಾಯ್ತಿ? ಅದು ನಿನ್ನ ಅಪ್ಪನ ಮನೆ ಕಡೆ ಹೊರಟಾಗಿದೆ!"

ಅದು ಭರತದ ಹೊತ್ತು. ಸಮುದ್ರ ಏರುತ್ತಿತ್ತು, ಅದರ ನೀರು ಹೊಳೆಯೊಳಗೆ ನುಗ್ಗಿ ಹೊಳೆಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಕೊಡಪಾನ ತಲೆಯೆತ್ತಿಕೊಂಡು ಹೊಳೆಯ ಮೇಲ್ಭಾಗಕ್ಕೆ ತೇಲಿತ್ತು. ಮಧ್ಯಾಹ್ನ ನೀರು ತಿರುಗಿದ ಮೇಲೆ ಆಚೆ ದಡದ ಬೇಸಾಯಗಾರ ಅಬ್ಬಾಸಿಚ್ಚ ಅದನ್ನು ದೋಣಿಯಲ್ಲಿಟ್ಟುಕೊಂಡು ಬಂದರು. ಹುಟ್ಟು ಹಾಕುವ ಕಷ್ಟವೂ ಅವರಿಗಿರಲಿಲ್ಲ, ಇಳಿತವೇ ಅವರನ್ನು ನಮ್ಮ ಮೆಟ್ಟಿಲಿಗೆ ತಂದು ಬಿಟ್ಟಿತು. ಈ ಕತೆಯನ್ನು ದೊಡ್ಡಮ್ಮ ಅಮ್ಮನ ಎದುರಿಗೇ, ಬಂದವರಿಗೆಲ್ಲ, ವರ್ಷಗಟ್ಟಲೆ ಹೇಳಿದಳು. ಅಮ್ಮ ಪ್ರತಿ ಸಲವೂ ಮುಖ ಊದಿಸಿಕೊಂಡು, ಕತೆ ಮುಗಿಯುವ ಮೊದಲೇ ನಗುತ್ತಿದ್ದಳು.

ನಮ್ಮ ಹೊಳೆಗೆ ಒಂದು ವಿಚಿತ್ರ ಬುದ್ಧಿ ಇತ್ತು. ಸಮುದ್ರದ ಹತ್ತಿರ ಬಂದ ಮೇಲೆ ನೇರವಾಗಿ ಸೇರದೆ, ಅನುಮಾನ ಬಂದಂತೆ ಬಡಗಿಗೆ ತಿರುಗಿ ಸುಮಾರು ದೂರ ಸಮುದ್ರದ ಪಕ್ಕದಲ್ಲೇ ಹರಿದು ಆಮೇಲೆ ಅಳಿವೆಯಲ್ಲಿ ಸೇರುತ್ತಿತ್ತು. ಎರಡರ ನಡುವಿನ ಮರಳಿನ ಪಟ್ಟಿಯ ತುದಿಯಲ್ಲಿ, ತೆಂಗಿನ ಮರಗಳ ನಡುವೆ, ನಮ್ಮ ಮನೆ. ಮುಂಬಾಗಿಲು ತೆರೆದರೆ ಸಮುದ್ರ, ಹಿಂಬಾಗಿಲು ತೆರೆದರೆ ಹೊಳೆ. ಮನೆಯೊಳಗೆ ಕನ್ನಡ, ಆಚೆ ದಡದಲ್ಲಿ ಮಲಯಾಳ, ದೋಣಿಯಲ್ಲಿ ಕುಳಿತರೆ ತುಳು. ಮೂರರಲ್ಲೂ ಬೈಯಲು ನನಗೆ ಬರುತ್ತಿತ್ತು. ಚಾವಡಿ ಮತ್ತು ಎರಡು ಕೋಣೆಗಳು ಕೆಂಪುಕಲ್ಲಿನವು. ಹೊಳೆಯ ಕಡೆಗಿದ್ದ ಅಡುಗೆಮನೆ ಮಾತ್ರ ಆಮೇಲೆ ಸೇರಿಸಿದ್ದು. ಅದರ ಅಡಿಪಾಯ ಮೊಣಕಾಲೆತ್ತರದವರೆಗೆ ಕಲ್ಲು, ಮೇಲೆ ಮಣ್ಣಿನ ಗೋಡೆ. ಆ ಗೋಡೆಯನ್ನು ಎಬ್ಬಿಸಿದ್ದು ದೊಡ್ಡಪ್ಪ, ಯಾರ ಸಹಾಯವನ್ನೂ ಪಡೆಯದೆ, ಹೊಸ ಹೆಂಡತಿ ಚಾವಡಿಯ ಮೂಲೆಯಲ್ಲಿ ಹೊಗೆ ಕುಡಿಯುತ್ತಾಳೆಂದು. ನಾನು ಹುಟ್ಟುವ ಮೊದಲೇ ಅವರು ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ಫೋಟೋ ಒಂದೂ ಇರಲಿಲ್ಲ. ಅವರದ್ದು ಅಂತ ಮನೆಯಲ್ಲಿ ಉಳಿದದ್ದು ಆ ಗೋಡೆ. ಪ್ರತಿ ಮಳೆಗಾಲದ ಮುಂಚೆ ದೊಡ್ಡಮ್ಮ ಅದಕ್ಕೆ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದಳು, ಒಳಗಿನಿಂದ ಸೆಗಣಿ ಸಾರಿಸುತ್ತಿದ್ದಳು. ಬೇರೆ ಯಾರಾದರೂ ಸಾರಿಸಲು ಹೋದರೆ ಅವರ ಕೈಯಿಂದ ಬಟ್ಟಲು ಕಿತ್ತುಕೊಳ್ಳುತ್ತಿದ್ದಳು.

ಮನೆ ನಡೆಯುತ್ತಿದ್ದದ್ದು ದೊಡ್ಡಮ್ಮನ ಮಾತಿನಂತೆ, ದೊಡ್ಡಮ್ಮ ನಡೆಯುತ್ತಿದ್ದದ್ದು ನೀರಿನ ಮಾತಿನಂತೆ. ಗೋಡೆಯಲ್ಲಿ ಗಡಿಯಾರ ಇತ್ತು. ಅದನ್ನು ನೋಡುತ್ತಿದ್ದವನು ಕುಂಬಳೆ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ಒಬ್ಬನೇ. ಸೌದೆ, ಅಕ್ಕಿ ಮೂಟೆ, ಹಟ್ಟಿಗೆ ಬೈಹುಲ್ಲು ಎಲ್ಲ ಮೇಲಿನ ಊರುಗಳಿಂದ ದೋಣಿಯಲ್ಲಿ ಬರಬೇಕು. ಹೋಗುವಾಗ ಭರತದ ನೀರಿನ ಮೇಲೆ ಹೋಗಿ, ಬರುವಾಗ ಇಳಿತದ ಜೊತೆ ಬಂದರೆ ಅರ್ಧ ಕೆಲಸ ಹೊಳೆಯದ್ದೇ. ಆ ಹೊತ್ತು ದಿನವೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಯುವುದರಿಂದ ನಮ್ಮ ಊಟವೂ ಸರಿಯುತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬಿ, ಸಂಜೆಯ ಚಹಾದ ಹೊತ್ತಿಗೆ ತಳ ಕಾಣುತ್ತಿತ್ತು. ಅಷ್ಟಮಿಯ ಆಸುಪಾಸಿನಲ್ಲಿ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಅಂಥ ದಿನಗಳನ್ನು ದೊಡ್ಡಮ್ಮ 'ಸೋಮಾರಿ ನೀರು' ಎಂದು ತಿರಸ್ಕಾರದಿಂದ ಕರೆಯುತ್ತಿದ್ದಳು. ನೆಂಟರಿಗೂ ಇದೇ ಕಾನೂನು. ಮಂಗಲ್ಪಾಡಿಯ ಅತ್ತೆ ಬಂದು ಮಾತಿನಲ್ಲಿ ಮುಳುಗಿದರೆ ದೊಡ್ಡಮ್ಮ ಹೊಳೆಯ ಕಡೆ ಒಮ್ಮೆ ನೋಡಿ, "ಇವತ್ತು ನಿಲ್ತೀರಾದ್ರೆ ನಿಲ್ಲಿ, ಹೋಗುವುದಾದ್ರೆ ಈಗ ಹೋಗಿ" ಎನ್ನುತ್ತಿದ್ದಳು. ಅದನ್ನು ಕೆಲವರು ಒರಟುತನ ಎಂದುಕೊಂಡರು. ಇರಲಿ, ಸ್ವಲ್ಪ ಒರಟುತನ ಅದರಲ್ಲಿ ಇದ್ದೇ ಇತ್ತು. ಈಗ ಅಳಿವೆಯ ಎರಡೂ ಕಡೆ ಕಲ್ಲುಬಂಡೆಗಳ ತಡೆಗೋಡೆ ಹಾಕಿದ್ದಾರೆ, ಬಾಯಿ ವರ್ಷವಿಡೀ ತೆರೆದಿರುತ್ತದೆ. ಇವತ್ತಿನ ಭರತ ಎಷ್ಟು ಹೊತ್ತಿಗೆ ಎಂದು ನನ್ನ ಮಗಳು ಮೊಬೈಲಿನಲ್ಲಿ ನೋಡಿ ಹೇಳುತ್ತಾಳೆ. ಸರಿಯಾಗಿಯೇ ಹೇಳುತ್ತದೆ, ನಾನು ಹೋಗಿ ನಿಂತು ಪರೀಕ್ಷೆ ಮಾಡಿದ್ದೇನೆ. ತಪ್ಪು ಸಿಕ್ಕಿದ್ದರೆ ನನಗೆ ಸಂತೋಷವಾಗುತ್ತಿತ್ತು.

ನೀರನ್ನು ನೋಡುವುದನ್ನು ದೊಡ್ಡಮ್ಮ ನನಗೆ ಕುಳ್ಳಿರಿಸಿ ಕಲಿಸಲಿಲ್ಲ. ಅವಳು ಮೆಟ್ಟಿಲಲ್ಲಿ ಮೀನು ಕೊಯ್ಯುವಾಗ ನಾನು ಪಕ್ಕದಲ್ಲಿರುತ್ತಿದ್ದೆ, ಅಷ್ಟೆ. ಹೊಳೆಯ ನಡುವೆ ನೀರು ಇನ್ನೂ ಸಮುದ್ರದ ಕಡೆ ಓಡುತ್ತಿರುವಾಗಲೇ ದಂಡೆಯ ಬದಿಯ ನೀರು ಸದ್ದಿಲ್ಲದೆ ತಿರುಗಿಬಿಡುತ್ತದೆ. ಎರಡರ ನಡುವೆ ಕಸ, ನೊರೆ, ತೆಂಗಿನ ಹೂ ಸೇರಿ ಉದ್ದಕ್ಕೂ ಒಂದು ಗೆರೆ ಏಳುತ್ತದೆ. ಆ ಗೆರೆ ಮೆಲ್ಲಗೆ ನಡುವಿಗೆ ಸರಿಯುತ್ತಾ ಹೋಗಿ ಅಳಿಸಿಹೋದರೆ ಇಡೀ ಹೊಳೆ ತಿರುಗಿತೆಂದು ಅರ್ಥ. ಇನ್ನೊಂದು ವಿಷಯ ಅವಳು ನನ್ನ ಕಾಲಿಗೇ ತೋರಿಸಿದಳು. ಮಳೆಗಾಲ ಕಳೆದ ಹೊಸತರಲ್ಲಿ ಒಂದು ದಿನ ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ ಕೇಳಿದಳು.

"ಹೊಟ್ಟೆಗೆ ಎಂತ ಆಗ್ತದೆ?"

"ತಣ್ಣಗೆ. ನೀರು ಸಮುದ್ರಕ್ಕೆ ಎಳೀತಾ ಉಂಟು."

"ಪಾದಕ್ಕೆ?"

ಪಾದಕ್ಕೆ ನೀರು ಬೆಚ್ಚಗಿತ್ತು, ಮತ್ತು ಅದು ನನ್ನನ್ನು ಎದುರು ದಿಕ್ಕಿಗೆ, ಊರೊಳಗೆ, ತಳ್ಳುತ್ತಿತ್ತು. ನಾನು ಕಿರುಚಿಕೊಂಡು ಹೊರಗೆ ಬಂದೆ. ದೊಡ್ಡಮ್ಮ ಹೊಟ್ಟೆ ಹಿಡಿದು ನಕ್ಕಳು. ಉಪ್ಪುನೀರು ಭಾರ, ಅದು ಅಡಿಯಲ್ಲಿ ನುಸುಳಿ ಬರುತ್ತದೆ. ಸಿಹಿನೀರು ಹಗುರ, ಅದು ಮೇಲಿನಿಂದ ಜಾರಿ ಹೋಗುತ್ತದೆ. ಒಂದೇ ಹೊಳೆ ಒಂದೇ ಹೊತ್ತಿಗೆ ಎರಡು ಕಡೆ ಹೋಗಬಲ್ಲದು ಎಂಬ ಆ ಬೆರಗು ನನ್ನನ್ನು ಈಗಲೂ ಬಿಟ್ಟಿಲ್ಲ.

ಬೇಸಿಗೆಯಲ್ಲಿ ಮಾತ್ರ ನಮ್ಮ ಹೊಳೆ ಸಾಯುತ್ತಿತ್ತು. ಮೇಲಿನಿಂದ ಬರುವ ನೀರು ಕಡಿಮೆಯಾದಂತೆ ಇಳಿತಕ್ಕೆ ಬಲ ಇರುವುದಿಲ್ಲ, ತೆರೆಗಳು ತಂದು ಸುರಿದ ಮರಳನ್ನು ಹೊರಗೆ ತಳ್ಳಲು ಆಗುವುದಿಲ್ಲ. ಅಳಿವೆಯ ಬಾಯಿ ಕಿರಿದಾಗುತ್ತಾ ಬಂದು ಒಂದು ದಿನ ಪೂರ್ತಿ ಮುಚ್ಚಿಹೋಗುತ್ತಿತ್ತು. ಆಮೇಲೆ ಭರತವೂ ಇಲ್ಲ, ಇಳಿತವೂ ಇಲ್ಲ, ಮೆಟ್ಟಿಲಲ್ಲಿ ಪಾತ್ರೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ದೊಡ್ಡಮ್ಮನಿಗೆ ಆ ತಿಂಗಳುಗಳಲ್ಲಿ ಸಿಟ್ಟು ಜಾಸ್ತಿ. ಮೊದಲ ಮಳೆ ಬಿದ್ದು ಹೊಳೆ ತುಂಬಿಕೊಳ್ಳುವಾಗ ಎರಡೂ ದಡದವರು ಗುದ್ದಲಿ ಬುಟ್ಟಿ ಹಿಡಿದುಕೊಂಡು ಬಂದು ಮರಳಿನ ದಿಬ್ಬದಲ್ಲಿ ಕಾಲುವೆ ತೋಡಿ ಹೊಳೆಗೆ ದಾರಿ ಬಿಡುವುದು ವಾಡಿಕೆ. ಅದಕ್ಕೆ ಅಳಿವೆ ಕಡಿಯುವುದು ಎನ್ನುತ್ತಿದ್ದರು. ಅದಕ್ಕೊಂದು ಕಟ್ಟುಪಾಡಿತ್ತು. ಅಳಿವೆಯ ಬುಡದ ಮನೆಯವರು ಮಾತು ಕೊಡದೆ ಯಾರೂ ಮರಳಿಗೆ ಗುದ್ದಲಿ ಹಾಕುವಂತಿಲ್ಲ. ನೀರು ಎತ್ತ ನುಗ್ಗಿದರೂ ಮೊದಲ ಪೆಟ್ಟು ಆ ಮನೆಗೆ ಎಂಬ ಕಾರಣಕ್ಕೆ ಕೊಟ್ಟ ಮರ್ಯಾದೆ ಅದು. ಬುಡದ ಮನೆ ನಮ್ಮದು. ಮಾತು ಕೊಡುತ್ತಿದ್ದದ್ದು ದೊಡ್ಡಪ್ಪ, ಅವರ ಕಾಲಾನಂತರ ದೊಡ್ಡಮ್ಮ. ಒಂದು ವರ್ಷ ಅವಳು ಮದುವೆಮನೆಗೆ ಹೋಗಿದ್ದಾಗ, ನೀರು ತುಂಬಿದೆಯಲ್ಲ ಎಂದು ಭರತದ ಹೊತ್ತಿನಲ್ಲೇ ಅಳಿವೆ ಕಡಿದುಬಿಟ್ಟರು. ಹೊಳೆ ಹೊರಗೆ ಹೋಗುವ ಬದಲು ಸಮುದ್ರ ಒಳಗೆ ಬಂತು. ಆಚೆ ದಡದ ಗದ್ದೆಗಳಲ್ಲಿ ನಾಟಿಗೆಂದು ಬೆಳೆಸಿದ್ದ ನೇಜಿಯೆಲ್ಲ ಉಪ್ಪಿಗೆ ಸುಟ್ಟುಹೋಯಿತು. ನಮ್ಮ ಬಾವಿ ಉಪ್ಪಾಗಿ, ಆ ಮಳೆಗಾಲವಿಡೀ ಚಹಾ ಗಂಟಲಿಗಿಳಿಯಲಿಲ್ಲ.

ನಾನು ಹೇಳಹೊರಟ ವರ್ಷ ಮಳೆ ಬೇಗ ಬಂತು, ಬಂದದ್ದು ನಿಲ್ಲಲಿಲ್ಲ. ಹೊಳೆ ಮೆಟ್ಟಿಲುಗಳನ್ನೆಲ್ಲ ನುಂಗಿ ಹಿತ್ತಲಿಗೆ ಬಂತು, ಬಸಳೆ ಚಪ್ಪರದ ಕಾಲಿಗೆ ಬಂತು. ಅಮಾವಾಸ್ಯೆಯ ಬೆಳಿಗ್ಗೆ ನಾವು ಏಳುವಾಗ ಅಡುಗೆಮನೆಯ ಕಲ್ಲಿನ ಅಡಿಪಾಯ ಮುಳುಗಿತ್ತು, ನೀರು ದೊಡ್ಡಪ್ಪನ ಮಣ್ಣಿನ ಗೋಡೆಯನ್ನು ಮುಟ್ಟಿತ್ತು. ಹಸಿ ಮಣ್ಣಿನ ಗೋಡೆ ಎಂದರೆ ನೀರು ಹೀರುತ್ತಾ ಹೀರುತ್ತಾ ನಿಂತಿರುತ್ತದೆ, ಸಾಕಾದಾಗ ಕುಳಿತುಬಿಡುತ್ತದೆ. ಅಷ್ಟರಲ್ಲಿ ಆಚೆ ದಡದಿಂದ ಅಬ್ಬಾಸಿಚ್ಚ ಜನ ಕಟ್ಟಿಕೊಂಡು ಬಂದಾಗಿತ್ತು. ಅಪ್ಪ ಅವರೆಲ್ಲರಿಗಿಂತ ಮುಂಚೆ ಗುದ್ದಲಿ ಹಿಡಿದು ನಿಂತಿದ್ದ. ದೊಡ್ಡಮ್ಮ ಮುಂಬಾಗಿಲಿನಿಂದ ಇಳಿದು ದಿಬ್ಬದವರೆಗೆ ನಡೆದು ಸಮುದ್ರವನ್ನು ನೋಡಿದಳು. ನಾನು ಅವಳ ಸೆರಗು ಹಿಡಿದಿದ್ದೆ. ತೆರೆಗಳು ದಿಬ್ಬದ ಹೊಟ್ಟೆಯವರೆಗೆ ಬಂದು, ಪ್ರತಿ ಸಲವೂ ಹಿಂದಿನ ಗುರುತು ದಾಟಿ ಹೋಗುತ್ತಿದ್ದವು.

"ಈಗ ಆಗ್ಲಿಕ್ಕಿಲ್ಲ. ಏರ್ತಾ ಉಂಟು," ಎಂದಳು.

"ಅತ್ತಿಗೆ, ನೀರು ಗೋಡೆಗೆ ಬಂದಾಗಿದೆ," ಅಪ್ಪ ಹೇಳಿದ. "ಕಾಯ್ಲಿಕ್ಕೆ ಹೊತ್ತಿಲ್ಲ."

"ಈಗ ಬಾಗಿಲು ತೆಗೆದ್ರೆ ಒಳಗಿನದ್ದು ಹೊರಗೆ ಹೋಗುವುದಲ್ಲ ವಾಸು, ಹೊರಗಿನದ್ದು ಒಳಗೆ ಬರುವುದು. ಮಧ್ಯಾಹ್ನ ತಿರುಗ್ತದೆ. ಒಂದಷ್ಟು ಇಳೀಲಿ, ಆಮೇಲೆ ಕಡಿಯುವ."

"ಅಷ್ಟು ಹೊತ್ತು ಗೋಡೆ ನಿಲ್ಲುದಿಲ್ಲ!"

"ನಿಂತಷ್ಟು ಹೊತ್ತು ನಿಲ್ಲಲಿ."

ಅಬ್ಬಾಸಿಚ್ಚ ತಲೆಗೆ ಕಟ್ಟಿದ ಬೈರಾಸನ್ನು ಬಿಚ್ಚಿ ಹಿಂಡಿದರು. ಅವರಿಗೂ ಮನಸ್ಸು ಎರಡಾಗಿತ್ತು.

"ಜಾನಕ್ಕ, ನಮ್ಮ ನೇಜಿ ಮುಳುಗಿ ಉಂಟು. ನಿಮ್ಮ ಮನೆಯೂ ಹೋಗ್ತದಲ್ಲ, ನಿಮಗಾದ್ರೂ ಬೇಡ್ವಾ?"

"ನೇಜಿ ಮುಳುಗಿದ್ದು ಸಿಹಿನೀರಿನಲ್ಲಿ ಅಲ್ವಾ ಅಬ್ಬಾಸಿಚ್ಚ? ನೀರು ಬಿಟ್ಟ ಮೇಲೆ ಎದ್ದು ನಿಲ್ತದೆ. ಹಿಂದಿನ ಸಲ ಉಪ್ಪು ಕುಡಿದದ್ದು ಎದ್ದಿತ್ತಾ, ಹೇಳಿ."

ಅವರು ಬೈರಾಸನ್ನು ಮತ್ತೆ ತಲೆಗೆ ಕಟ್ಟಿಕೊಂಡರು. ಅಪ್ಪ ಮಾತಾಡಿದ, ತುಂಬ ಮಾತಾಡಿದ. ಹೆಂಗಸಿನ ಹಟ ಎಂದ, ಮನೆಯ ಗಂಡಸು ನಾನು ಎಂದ, ಅಣ್ಣನದ್ದು ಅಂತ ಈ ಮನೆಯಲ್ಲಿ ಮತ್ತೆಂತ ಉಂಟು ಎಂದ. ಕೊನೆಯ ಮಾತು ಹೇಳುವಾಗ ಅವನ ಸ್ವರ ಒಡೆಯಿತು. ಅಪ್ಪನನ್ನು ಸಾಕಿದ್ದು ಈ ಅಣ್ಣ ಅತ್ತಿಗೆಯೇ. ದೊಡ್ಡಪ್ಪ ಗೋಡೆ ಎಬ್ಬಿಸುವಾಗ ಅಪ್ಪ ಚಡ್ಡಿ ಹಾಕುವ ಹುಡುಗ. ಅವನಿಗೆ ಅಣ್ಣನನ್ನು ಎರಡನೇ ಸಲ ಕಳೆದುಕೊಳ್ಳುವ ಹೆದರಿಕೆ ಎಂದು ನನಗೆ ಆಗ ತಿಳಿಯಲಿಲ್ಲ. ಸುಮ್ಮನೆ ಅತ್ತಿಗೆಗೆ ಎದುರಾಡುತ್ತಿದ್ದಾನೆಂದು ಸಿಟ್ಟು ಬಂದಿತ್ತು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, ಕೊಡೆ ಬಿಡಿಸಿ, ದಿಬ್ಬದ ಮೇಲೆ ಕುಳಿತಳು. ಅಷ್ಟು ಮಂದಿ ಗಂಡಸರು, ಅಷ್ಟು ಗುದ್ದಲಿಗಳು. ಅವಳನ್ನು ಎತ್ತಿ ಬದಿಗಿಟ್ಟು ಕಡಿಯಬಹುದಿತ್ತು. ಯಾರೂ ಹಾಗೆ ಮಾಡಲಿಲ್ಲ. ಅಪ್ಪ ಮನೆಗೆ ಓಡಿ, ಗೋಣಿಗಳಿಗೆ ಮರಳು ತುಂಬಿಸಿ ಗೋಡೆಗೆ ಒತ್ತು ಕೊಡತೊಡಗಿದ. ಅಬ್ಬಾಸಿಚ್ಚನ ಕಡೆಯವರೂ ಕೆಲವರು ಹೋಗಿ ಸೇರಿಕೊಂಡರು. ಅಮ್ಮ ಒಲೆಯ ಮೇಲಿದ್ದ ಗಂಜಿಯ ಸಮೇತ ಅಡುಗೆಮನೆಯನ್ನೆಲ್ಲ ಚಾವಡಿಗೆ ತಂದು, ಅಷ್ಟೂ ಜನಕ್ಕೆ ಚಹಾ ಕಾಯಿಸಿದಳು.

ಸಮುದ್ರ ಏರಿಯೇ ಏರಿತು. ಒಂದೆರಡು ದೊಡ್ಡ ತೆರೆಗಳು ದಿಬ್ಬದ ನೆತ್ತಿಗೆ ಬಂದು, ಆಚೆಗೆ ಇಣುಕಿ ನೋಡಿದಂತೆ ಮಾಡಿ ಹಿಂದೆ ಹೋದವು. ಅವು ನಿಂತಿದ್ದ ಎತ್ತರಕ್ಕಿಂತ ನಮ್ಮ ಹೊಳೆ ತಗ್ಗಿನಲ್ಲಿತ್ತು. ಅದನ್ನು ನೋಡಿದವರು ಯಾರೂ ಆಮೇಲೆ ಗುದ್ದಲಿಯ ಸುದ್ದಿ ಎತ್ತಲಿಲ್ಲ. ದೊಡ್ಡಮ್ಮ ಕಾಲ ಬಳಿಯ ಮರಳಿನಲ್ಲಿ ಕಡ್ಡಿಯೊಂದನ್ನು ಚುಚ್ಚಿ ನೊರೆ ಅದನ್ನು ಮುಟ್ಟುತ್ತದಾ ಎಂದು ನೋಡುತ್ತಾ ಇದ್ದಳು. ಮುಟ್ಟಿತು. ಇನ್ನೊಮ್ಮೆ ಮುಟ್ಟಿತು. ಆಮೇಲೆ ತುಂಬ ಹೊತ್ತು ಮುಟ್ಟಲಿಲ್ಲ. ಅವಳು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮನೆಯ ಕಡೆಯಿಂದ ಸದ್ದು ಕೇಳಿತು. ದೊಡ್ಡ ಸದ್ದೇನಲ್ಲ. ಭಾರದ ಮೂಟೆಯನ್ನು ಯಾರೋ ಕೆಳಗೆ ಹಾಕಿದ ಹಾಗೆ. ಅಪ್ಪ ಮೈಯೆಲ್ಲ ಕೆಸರು ಮೆತ್ತಿಕೊಂಡು ಓಡಿ ಬಂದ.

"ಬಿತ್ತು. ಅಣ್ಣನ ಗೋಡೆ ಬಿತ್ತು. ಈಗಾದ್ರೂ ಕಡೀಲಿಕ್ಕೆ ಹೇಳಿ ಅತ್ತಿಗೆ!"

ಎಲ್ಲರೂ ಅವಳ ಮುಖ ನೋಡಿದರು. ನನ್ನ ಕೈ ಅವಳ ಕೈಯಲ್ಲಿತ್ತು. ಅವಳು ಅದನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನಗೆ ಅಳು ಬಂತು. ಸ್ವರದಲ್ಲಿ ಮಾತ್ರ ಏನೂ ಇರಲಿಲ್ಲ.

"ಬಿತ್ತಲ್ಲ ವಾಸು. ಇನ್ನು ಅವಸರ ಎಂತದು?"

ಮತ್ತೆ ಸಮುದ್ರದ ಕಡೆಗೆ ತಿರುಗಿ ಕುಳಿತಳು. ಅಪ್ಪ ಗುದ್ದಲಿಯನ್ನು ಎಸೆದು ಮರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ನನ್ನ ಬದುಕಿನಲ್ಲಿ ದೊಡ್ಡ ದೊಡ್ಡವರನ್ನು ನೋಡಿದ್ದೇನೆ, ಕೆಲವರ ಭಾಷಣವನ್ನು ಬಾಯಿಪಾಠ ಮಾಡಿದ್ದೇನೆ. ಆ ಹೊತ್ತಿನ ದೊಡ್ಡಮ್ಮನನ್ನು ಮೆಚ್ಚಿದಷ್ಟು ಯಾರನ್ನೂ ಮೆಚ್ಚಲು ನನ್ನಿಂದ ಆಗಿಲ್ಲ. ಬೆಳಿಗ್ಗೆ ಒಂದು ಮಾತು ಆಡಿದ್ದರೆ ಅವಳು ಆ ಗೋಡೆಯನ್ನು ಉಳಿಸಿಕೊಳ್ಳಲು ನೋಡಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆ ಮಾತನ್ನು ಅವಳು ಆಡಲಿಲ್ಲ.

ತೆರೆಗಳು ಒಂದೊಂದೇ ಗುರುತು ಬಿಟ್ಟುಕೊಟ್ಟು ಕೆಳಗಿಳಿದವು. ದಿಬ್ಬದ ಸಮುದ್ರದ ಮೈ ಒದ್ದೆಯಾಗಿ ಹೊಳೆಯುತ್ತಾ ಉದ್ದವಾಗುತ್ತಾ ಹೋಯಿತು. ಎಲ್ಲಿ ತೋಡಬೇಕೆಂದು ದೊಡ್ಡಮ್ಮ ಎದ್ದು ಹಿಮ್ಮಡಿಯಲ್ಲಿ ಗೀರಿದಳು. ಗುದ್ದಲಿಗಳು ಬಿದ್ದವು. ಅಗಲ ಮಾಡಬೇಡಿ, ಒಬ್ಬ ಮಲಗುವಷ್ಟು ಸಾಕು ಎಂದು ಅವಳು ಕೂಗುತ್ತಿದ್ದಳು, ಉಳಿದದ್ದನ್ನು ಹೊಳೆಯೇ ಮಾಡುತ್ತದೆ ಎಂದು. ಮೊದಲು ಬಂದದ್ದು ಪಾದ ಮುಳುಗದಷ್ಟು ನೀರು, ನಡೆದುಕೊಂಡು ಬಂದಂತೆ ಬಂತು. ನಾವು ಮಕ್ಕಳು ಅದರಲ್ಲಿ ಕುಣಿದೆವು. ಆಮೇಲೆ ಎರಡೂ ಬದಿಯ ಮರಳು ಕುಸಿಯತೊಡಗಿತು. ಅಬ್ಬಾಸಿಚ್ಚ ನಮ್ಮನ್ನು ರಟ್ಟೆ ಹಿಡಿದು ಎಳೆದು ಹಾಕಿದರು. ಹೊರಗೆ ಸಮುದ್ರ ಇಳಿಯುತ್ತಿತ್ತು, ಒಳಗೆ ಹೊಳೆ ತುಂಬಿತ್ತು. ಅವೆರಡರ ನಡುವಿನ ಎತ್ತರವೆಲ್ಲ ಆ ಕಿರಿದಾದ ದಾರಿಯಲ್ಲಿ ಒಟ್ಟಿಗೆ ಉರುಳಿತು. ಅಷ್ಟು ದಿನ ಸತ್ತಂತೆ ಬಿದ್ದಿದ್ದ ನೀರು ಗರ್ಜಿಸುತ್ತಾ, ಕಟ್ಟೆಯನ್ನೇ ಒಡೆದುಕೊಂಡು ಹೋಗುವ ವೇಗದಲ್ಲಿ, ದಿಬ್ಬವನ್ನು ಕಚ್ಚಿ ಕಚ್ಚಿ ಅಗಲ ಮಾಡಿಕೊಂಡು ಓಡಿತು. ಕಂದು ನೀರು ಸಮುದ್ರದೊಳಗೆ ಬಹುದೂರ ಹೋಗಿ ಹರಡಿತು. ನನಗೆ ಸಂತೋಷದಲ್ಲಿ ಕೂಗಬೇಕೆನಿಸಿತು, ಕೂಗಿದೆ. ಎಲ್ಲರೂ ಕೂಗುತ್ತಿದ್ದರು. ಸಂಜೆಯ ಹೊತ್ತಿಗೆ ಆಚೆ ಗದ್ದೆಗಳಲ್ಲಿ ನೇಜಿಯ ಹಸಿರು ತುದಿಗಳು ನೀರಿನಿಂದ ಮೇಲೆ ಬಂದವು. ಅಬ್ಬಾಸಿಚ್ಚ ಒಂದು ಸಸಿ ಕಿತ್ತು ತಂದು ದೊಡ್ಡಮ್ಮನ ಕೈಯಲ್ಲಿಟ್ಟು ಹೋದರು.

ನಾವು ಮನೆಗೆ ಬಂದಾಗ ಅಡುಗೆಮನೆಗೆ ಒಂದು ಬದಿಯೇ ಇರಲಿಲ್ಲ. ಮೇಲಿನ ಮಾಡನ್ನು ಅಪ್ಪ ಎರಡು ಕಂಬ ಕೊಟ್ಟು ನಿಲ್ಲಿಸಿದ್ದ. ಗೋಡೆ ಇದ್ದಲ್ಲಿ ಮೆತ್ತಗಿನ ಕೆಂಪು ಮಣ್ಣಿನ ರಾಶಿ, ಅದರಾಚೆ ಬೆಳಕಿನಲ್ಲಿ ಇಳಿಯುತ್ತಿದ್ದ ಹೊಳೆ. ದೊಡ್ಡಮ್ಮ ಒಲೆಯ ಪಕ್ಕದ ತನ್ನ ಮಣೆಯಲ್ಲಿ ಕುಳಿತು ಆ ಮಣ್ಣನ್ನು ನೋಡಿದಳು. ಒಂದು ಹಿಡಿ ತೆಗೆದುಕೊಂಡು ಹಿಸುಕಿದಳು, ಬಿಟ್ಟಳು. ಅಮ್ಮ ಗಂಜಿ ತಂದಿಟ್ಟಳು, ಅವಳು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಅವಳಿಂದ ದೂರ, ಹೊಸ್ತಿಲಲ್ಲಿ ಕುಳಿತ. ಬೆಳಗಿನ ಮಾತುಗಳೆಲ್ಲ ಅವನ ಮುಖದಲ್ಲಿದ್ದವು.

"ಅತ್ತಿಗೆ, ಅಣ್ಣ ಇದ್ದಿದ್ರೆ..." ಎಂದು ಶುರು ಮಾಡಿದ. ಅಣ್ಣ ಇದ್ದಿದ್ದರೆ ಅವರೂ ನಿಮ್ಮ ಹಾಗೆಯೇ ಕಾಯುತ್ತಿದ್ದರು ಎಂದು ಹೇಳಿ ಕಾಲು ಹಿಡಿಯುವುದಕ್ಕೆ ಬಂದವನು ಅವನು. ನಮಗೆಲ್ಲ ಹಾಗೆಯೇ ಅನಿಸಿತು.

ದೊಡ್ಡಮ್ಮ ಕೈಗೆ ಮೆತ್ತಿದ್ದ ಮಣ್ಣನ್ನು ನೋಡುತ್ತಾ ತಲೆಯಾಡಿಸಿದಳು.

"ನಿನ್ನ ಅಣ್ಣ ಇದ್ದಿದ್ರೆ ಬೆಳಿಗ್ಗೆಯೇ ಕಡೀತಿದ್ರು ವಾಸು. ನಾನು ಬೇಡ ಹೇಳಿದ್ರೂ ಕೇಳ್ತಿರಲಿಲ್ಲ. ಈ ಗೋಡೆ ಅಂದ್ರೆ ಅವರಿಗೆ ಅಷ್ಟು."

"ಆಗ ನೀವು ಎಂತ ಮಾಡ್ತಿದ್ರಿ?"

"ನಾನಾ?" ಎಂದು ಅವಳು ಆ ದಿನ ಮೊದಲ ಸಲ ಅತ್ತಳು. "ಅವರನ್ನು ದಿಬ್ಬದಲ್ಲಿ ಕಟ್ಟಿ ಹಾಕ್ತಿದ್ದೆ."

ಅಪ್ಪ ನಕ್ಕ. ನಗುತ್ತಲೇ ಮುಖವನ್ನು ಮೊಣಕಾಲಿನೊಳಗೆ ಹುದುಗಿಸಿಕೊಂಡ. ದೊಡ್ಡಮ್ಮ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತು, ಮಣ್ಣು ಮೆತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟಳು.